ಲಸಿಕೆ ಬೇಡವೆಂದರೆ ವೀಸಾ ಹೋಗುತ್ತದೆಯೇ?

ಪ್ರಶ್ನೆ: ನಾವು ಉಡುಪಿ ಕಡೆಯವರು. ಮದುವೆಯಾದಾಗಿನಿಂದ ಮಸ್ಕತ್‌ನಲ್ಲಿದ್ದೇವೆ. ನಾನು ಮತ್ತು ಮಗ ಗಂಡನ ವೀಸಾದ ಮೇಲೆ ಇರುವವರು. 2020ರ ಏಪ್ರಿಲ್‌ನಲ್ಲಿ ನಮ್ಮ ಮನೆ ವಾದಿ ಕಬೀರ್‌ನಲ್ಲಿತ್ತು. ಮಗನಿಗೆ ಆಗ ಎಂಟು ತಿಂಗಳು. ಗಂಡನಿಗೆ ಕೊರೊನಾ ಬಂದು ಐಸೋಲೇಷನ್‌ಗೆ ಕರೆದುಕೊಂಡು ಹೋದರು. ಎಲ್ಲಿಗೆ ಅಂತ ಆ ದಿನ ನನಗೆ ಯಾರೂ ಸರಿಯಾಗಿ ಹೇಳಲಿಲ್ಲ. ದಾರಿಯೆಲ್ಲ ಬಂದ್. ಮಗುವನ್ನು ಎತ್ತಿಕೊಂಡು ಕಿಟಕಿಯಲ್ಲಿ ನಿಂತದ್ದು ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಆಮೇಲೆ ಮಗನಿಗೆ ವರ್ಷ ತುಂಬಿದಾಗ ದಡಾರ ತಡೆಯುವ ಎಂಎಂಆರ್ ಲಸಿಕೆ ಹಾಕಿಸಿದೆವು. ವಾರ ಕಳೆದು ಜೋರು ಜ್ವರ ಬಂದು ಫಿಟ್ಸ್ ಆಯಿತು. ಎರಡನೇ ಡೋಸ್ ನಾನು ಹಾಕಿಸಲೇ ಇಲ್ಲ. ಈಗ ಶಾಲೆಯಿಂದ ಲಸಿಕೆ ದಾಖಲೆ ಕೇಳಿದ್ದಾರೆ. ಬೇಡ ಎಂದರೆ ವೀಸಾ ರದ್ದು ಮಾಡುತ್ತಾರಾ? ಶಾಲೆಯಲ್ಲಿ ಯಾರಿಗಾದರೂ ದಡಾರ ಬಂದರೆ ನನ್ನ ಮಗನನ್ನೂ ಹಾಗೆಯೇ ಕರೆದುಕೊಂಡು ಹೋಗುತ್ತಾರಾ? ಊರಿನ ಪರಿಚಯದವರೊಬ್ಬರು, 'ಲಸಿಕೆ ಆಗಿದೆ ಅಂತ ಸರ್ಟಿಫಿಕೇಟ್ ಮಾಡಿಸಿಕೊಡ್ತೇನೆ, ಸುಮ್ಮನೆ ತಲೆಕೆಡಿಸಿಕೊಳ್ಳಬೇಡ' ಅನ್ನುತ್ತಾರೆ. ಗಂಡ, 'ನಿನಗೆ ಹುಚ್ಚು' ಅನ್ನುತ್ತಾರೆ. ರಾತ್ರಿ ನಿದ್ದೆಯಿಲ್ಲ.
— ಹೆಸರು ಬೇಡ, ಮಸ್ಕತ್

ಉತ್ತರ: ಸೋದರಿ, ನಿಮಗೆ ಹುಚ್ಚು ಹಿಡಿದಿಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕದ್ದು ಆಮೇಲೆ.

ಮಡಿಲಲ್ಲಿರುವ ಮಗು ಕಣ್ಣು ಮೇಲೆ ಮಾಡಿ ಕೈಕಾಲು ಸೆಟೆದುಕೊಂಡದ್ದನ್ನು ನೋಡಿದ ಯಾವ ತಾಯಿಯೂ ಅದನ್ನು ಮರೆಯುವುದಿಲ್ಲ. ಫಿಟ್ಸ್ ಎರಡು ನಿಮಿಷದಲ್ಲಿ ನಿಂತಿರಬಹುದು. ನೋಡಿದವರ ಎದೆಯಲ್ಲಿ ಅದು ವರ್ಷಗಟ್ಟಲೆ ನಡೆಯುತ್ತಲೇ ಇರುತ್ತದೆ. ಅದಕ್ಕೂ ಕೆಲವೇ ತಿಂಗಳ ಹಿಂದೆ ನೀವು ಇನ್ನೊಂದನ್ನು ಅನುಭವಿಸಿದ್ದಿರಿ. ಪರದೇಶದಲ್ಲಿ, ಹಸುಗೂಸನ್ನು ಕಟ್ಟಿಕೊಂಡು, ಗಂಡ ಎಲ್ಲಿದ್ದಾರೆಂದು ತಿಳಿಯದೆ ಕಳೆದ ಆ ರಾತ್ರಿ. ಒಂದರ ಗಾಯ ಮಾಯುವ ಮೊದಲೇ ಇನ್ನೊಂದು ಬಿತ್ತು. ಶಾಲೆಯ ಪತ್ರ ಈಗ ಎರಡನ್ನೂ ಒಟ್ಟಿಗೆ ಕೆದಕಿದೆ.

ಅಂಥ ರಾತ್ರಿ ಕಳೆದವರು ನೀವೊಬ್ಬರೇ ಅಲ್ಲ. 2020ರ ಏಪ್ರಿಲ್ 1ರಂದು ಮಸ್ಕತ್‌ನ ಮತ್ರಾ ವಿಲಾಯತ್‌ನ ದಾರಿಗಳನ್ನು ಮುಚ್ಚಿದಾಗ ಅದರೊಳಗೆ ರುವಿ, ಹಮ್ರಿಯಾ, ದಾರ್ಸೈತ್, ನಿಮ್ಮ ವಾದಿ ಕಬೀರ್ ಎಲ್ಲವೂ ಸಿಕ್ಕಿಕೊಂಡವು. ನಮ್ಮ ಕರಾವಳಿಯವರು ಹೆಚ್ಚಾಗಿ ಅಂಗಡಿ, ಆಫೀಸು, ಹೋಟೆಲ್ ಕೆಲಸ ಮಾಡಿಕೊಂಡು ಮನೆ ಹಿಡಿದಿದ್ದ ಜಾಗಗಳೇ ಅವು. ಏಪ್ರಿಲ್ 10ಕ್ಕೆ ಇಡೀ ಮಸ್ಕತ್ ಗವರ್ನರೇಟ್ ಮುಚ್ಚಿತು. ಮೇ 29ಕ್ಕೆ ಉಳಿದ ಕಡೆ ದಾರಿ ತೆರೆದರೂ ಮತ್ರಾದವರು ಇನ್ನೂ ಕೆಲವು ದಿನ ಕಾಯಬೇಕಾಯಿತು. ಆ ದಿನಗಳಲ್ಲಿ ಒಂದು ಕೋಣೆಯಲ್ಲಿ ಆರೇಳು ಜನ ಇದ್ದವರು, ಬಸುರಿಯರು, ಸಂಬಳ ನಿಂತವರು, ಊರಿನಲ್ಲಿ ತಂದೆ ತೀರಿಕೊಂಡರೂ ಹೋಗಲಾಗದವರು ಎಷ್ಟೋ ಮಂದಿ. ಅವರಲ್ಲಿ ಬಹಳಷ್ಟು ಜನ ಆ ಮಾತನ್ನು ಮತ್ತೆ ಎತ್ತಿಯೇ ಇಲ್ಲ. 'ಎಲ್ಲ ಮುಗೀತಲ್ಲ' ಎಂದು ಕೆಲಸಕ್ಕೆ ಹೋದರು. ನಿಮ್ಮ ಗಂಡನೂ ಹಾಗೆಯೇ ಮಾಡಿರಬಹುದು ಎಂದು ನನ್ನ ಅನಿಸಿಕೆ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪತ್ರದಲ್ಲಿ ಎರಡು ಭಯ ಒಂದಕ್ಕೊಂದು ಹೆಣೆದುಕೊಂಡಿವೆ. ಲಸಿಕೆಯಿಂದ ಮಗನಿಗೆ ಮತ್ತೆ ಫಿಟ್ಸ್ ಬಂದೀತೇ ಎಂಬುದು ಒಂದು. ಯಾರೋ ಬಂದು, ನಮ್ಮನ್ನು ಒಂದು ಮಾತೂ ಕೇಳದೆ, ನಮ್ಮವರನ್ನು ಎತ್ತಿಕೊಂಡು ಹೋದಾರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ವೈದ್ಯರ ಬಳಿ ಉತ್ತರವಿದೆ. ಎರಡನೆಯದು ಹಳೆಯ ಗಾಯ, ಅದಕ್ಕೆ ಬೇರೆಯೇ ಆರೈಕೆ ಬೇಕು. ಎರಡನ್ನೂ ಒಂದೇ ಗಂಟಾಗಿ ಹೊತ್ತುಕೊಂಡಿರುವುದರಿಂದಲೇ ನಿಮಗೆ ಭಾರ ಇಷ್ಟಾಗಿದೆ. ಬಿಡಿಸಿ ನೋಡೋಣ.

ಕಾನೂನಿನ ಮಾತು ಮೊದಲು ಮುಗಿಸುತ್ತೇನೆ, ಏಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದು. ಒಮಾನ್‌ನಲ್ಲಿ ಸಾಂಕ್ರಾಮಿಕ ರೋಗ ತಡೆಗೆ 1992ರಲ್ಲೇ ರಾಜಾಜ್ಞೆಯ ಮೂಲಕ ಕಾನೂನು ಬಂತು. ಕೊರೊನಾ ಬಂದಾಗ 2020ರಲ್ಲಿ ಅದಕ್ಕೆ ತಿದ್ದುಪಡಿ ತಂದರು. ರೋಗ ಬಂದವರು, ಬಂದಿರಬಹುದೆಂದು ಅನುಮಾನವಿರುವವರು ಆಸ್ಪತ್ರೆಗೆ ತೋರಿಸಬೇಕು, ಮುಚ್ಚಿಡಬಾರದು, ಬೇರೆಯವರಿಗೆ ಹರಡುವಂತೆ ನಡೆದುಕೊಳ್ಳಬಾರದು ಎಂಬುದು ಅದರ ತಿರುಳಾಗಿತ್ತು. ಮಕ್ಕಳ ವಿಷಯಕ್ಕೆ ಬಂದರೆ, 2014ರ ಮಕ್ಕಳ ಕಾನೂನು ಲಸಿಕೆಯನ್ನು ಮಗುವಿನ ಹಕ್ಕುಗಳ ಸಾಲಿನಲ್ಲಿ ಇಟ್ಟಿದೆ. ಈ ವಿಷಯದಲ್ಲಿ ಆ ದೇಶ ಬಿಗಿಯಾಗಿರುವುದಕ್ಕೆ ಹಿನ್ನೆಲೆಯೂ ಇದೆ. 1988–89ರಲ್ಲಿ, ಹೆಚ್ಚಿನ ಮಕ್ಕಳಿಗೆ ಲಸಿಕೆ ಆಗಿದ್ದ ಕಾಲದಲ್ಲೇ, ಅಲ್ಲಿ ಪೋಲಿಯೊ ಹಬ್ಬಿ 118 ಮಕ್ಕಳ ಕೈಕಾಲು ಬಿದ್ದುಹೋಯಿತು. ಆ ನೋವು ಉಂಡ ದೇಶ ಅದು. ಮುಂದೆ 2019ರಲ್ಲಿ ದಡಾರ ಮತ್ತು ರುಬೆಲ್ಲಾವನ್ನು ನಿರ್ಮೂಲನ ಮಾಡಿದ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಮಾನ್ಯತೆ ಪಡೆಯಿತು. ಶಾಲೆ ನಿಮ್ಮ ಮಗನ ದಾಖಲೆ ಕೇಳಿದ್ದು ಈ ಸಾಲಿನಲ್ಲಿ ಬರುವ ಮಾತು. ನಿಮ್ಮ ಮೇಲೆ ಯಾರಿಗೋ ಅನುಮಾನ ಬಂದು ಕೇಳಿದ್ದಲ್ಲ.

ಒಂದು ಡೋಸ್ ತಡವಾಗಿರುವ ಮಕ್ಕಳು ಲೋಕದ ಎಲ್ಲ ಶಾಲೆಗಳಲ್ಲೂ ಇದ್ದಾರೆ. 2020ರಲ್ಲಂತೂ ಆಸ್ಪತ್ರೆಗೆ ಹೋಗಲು ಹೆದರಿ ಎಷ್ಟೋ ಮನೆಗಳಲ್ಲಿ ಲಸಿಕೆ ತಪ್ಪಿತು. ಅಂಥ ಮಗು ಬಂದರೆ ವೈದ್ಯರು, ದಾದಿಯರು ಮಾಡುವುದು ಇಷ್ಟೆ: ಕಾರ್ಡ್ ನೋಡುತ್ತಾರೆ, ಏನಾಗಿದೆ ಏನಾಗಿಲ್ಲ ಎಂದು ಲೆಕ್ಕ ಹಾಕುತ್ತಾರೆ, ಉಳಿದದ್ದನ್ನು ಯಾವಾಗ ಕೊಡಬಹುದು ಎನ್ನುತ್ತಾರೆ. ತಪ್ಪಿದ ಡೋಸ್ ಆರೋಗ್ಯ ಕೇಂದ್ರದಲ್ಲಿ ಮುಗಿಯುವ ವಿಷಯ. ಸುಳ್ಳು ಸರ್ಟಿಫಿಕೇಟ್ ಪೊಲೀಸರವರೆಗೆ ಹೋಗುವ ವಿಷಯ. ವೀಸಾಕ್ಕೆ ಪೆಟ್ಟು ಬೀಳುವುದಿದ್ದರೆ ಈ ಎರಡನೆಯದರಿಂದ ಬಿದ್ದೀತು.

ಆ ಪರಿಚಯದವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ನಿಮ್ಮ ಅಳು ನೋಡಲಾಗದೆ ಹಾಗೆ ಅಂದಿರಬಹುದು. ಆದರೂ ಆ ದಾರಿ ಬೇಡ. ವಿದೇಶದಲ್ಲಿ ಖೊಟ್ಟಿ ದಾಖಲೆ ಕೊಟ್ಟು ಸಿಕ್ಕಿಬಿದ್ದರೆ ಗಂಡನ ಕೆಲಸ, ಮಗನ ಶಾಲೆ ಎರಡೂ ಅಲುಗಾಡುತ್ತವೆ. ಅದಕ್ಕಿಂತ ದೊಡ್ಡ ಅಪಾಯ ಮಗನಿಗೇ. ನಾಳೆ ತರಗತಿಯಲ್ಲಿ ದಡಾರ ಕಾಣಿಸಿಕೊಂಡರೆ ಸುಳ್ಳು ಕಾಗದದ ಮಗುವನ್ನು ಎಲ್ಲರೂ ರಕ್ಷಣೆಯಿರುವ ಮಗು ಎಂದೇ ತಿಳಿಯುತ್ತಾರೆ. ಅವನನ್ನು ಎಚ್ಚರದಿಂದ ನೋಡುವವರೇ ಇರುವುದಿಲ್ಲ.

ಇನ್ನು, ಮಗನನ್ನು ಕರೆದುಕೊಂಡು ಹೋಗುತ್ತಾರಾ ಎಂಬ ಪ್ರಶ್ನೆ. ರೋಗ ಬಂದವರನ್ನು ಬೇರೆ ಇಡುವುದು ಐಸೋಲೇಷನ್. ರೋಗಿಯ ಹತ್ತಿರ ಇದ್ದು, ತಮಗಿನ್ನೂ ಏನೂ ಕಾಣಿಸಿಕೊಳ್ಳದವರನ್ನು ಕಾದು ನೋಡುವುದು ಕ್ವಾರಂಟೈನ್. ಎಷ್ಟು ದಿನ ಎಂಬುದನ್ನು ಅಧಿಕಾರಿಗಳ ಮನಸ್ಸು ತೀರ್ಮಾನಿಸುವುದಿಲ್ಲ, ರೋಗದ ಸ್ವಭಾವ ತೀರ್ಮಾನಿಸುತ್ತದೆ. ಹಳದಿ ಜ್ವರ ಇರುವ ದೇಶದಿಂದ ಲಸಿಕೆ ಕಾರ್ಡ್ ಇಲ್ಲದೆ ಭಾರತಕ್ಕೆ ಬಂದವರನ್ನು ಆರು ದಿನ ಇರಿಸಿಕೊಳ್ಳುವುದು ಆ ರೋಗ ಮೈಯಲ್ಲಿದ್ದರೆ ಅಷ್ಟರೊಳಗೆ ಹೊರಬೀಳುತ್ತದೆ ಎಂಬ ಕಾರಣಕ್ಕೆ. ದಡಾರದ ರೋಗಿ ಮೈಮೇಲೆ ದದ್ದು ಏಳುವ ನಾಲ್ಕು ದಿನ ಮೊದಲಿನಿಂದ, ಎದ್ದ ನಾಲ್ಕು ದಿನದವರೆಗೆ ಹರಡಬಲ್ಲ. ರಕ್ಷಣೆ ಇಲ್ಲದ ಹತ್ತು ಜನ ಅವನ ಸನಿಹ ಇದ್ದರೆ ಒಂಬತ್ತು ಜನರಿಗೆ ತಗಲುವಷ್ಟು ಜೋರಿನ ರೋಗ ಅದು. ಆದ್ದರಿಂದಲೇ ಲಸಿಕೆ ಇಲ್ಲದೆ ರೋಗಿಯ ಸಂಪರ್ಕಕ್ಕೆ ಬಂದ ಮಕ್ಕಳನ್ನು ಇಪ್ಪತ್ತೊಂದು ದಿನಗಳವರೆಗೆ ಶಾಲೆಯಿಂದ ದೂರ ಇರಿಸುವ ಪದ್ಧತಿ ಹಲವು ದೇಶಗಳಲ್ಲಿದೆ. ಸಂಪರ್ಕವಾದ 72 ಗಂಟೆಯೊಳಗೆ ಲಸಿಕೆ ಕೊಟ್ಟರೆ ಆಗಲೂ ರೋಗ ತಡೆಯಲು ಸಾಧ್ಯ. ದಡಾರ ಬಂದ ಮಗುವನ್ನು ಸಾಮಾನ್ಯವಾಗಿ ಮನೆಯಲ್ಲೇ ಬೇರೆ ಇಡಲು ಹೇಳುತ್ತಾರೆ. ಉಸಿರಾಟದ ತೊಂದರೆಯಂಥದ್ದು ಕಂಡರೆ ಆಸ್ಪತ್ರೆ ಬೇಕಾಗುತ್ತದೆ. ಆಗ ಪುಟ್ಟ ಮಗುವಿನ ಪಕ್ಕದಲ್ಲಿ ತಾಯಿ ಇರುತ್ತಾಳೆ. 2020ರ ಆ ದಿನ ಬೇರೆ. ಹೊಸ ರೋಗ, ಯಾರಿಗೂ ಲಸಿಕೆಯಿಲ್ಲ, ಆರೋಗ್ಯ ಇಲಾಖೆಯವರಿಗೂ ದಾರಿ ತಿಳಿಯದ ಕಾಲ. ಆಗಲೂ ಸುಲ್ತಾನರ ಆದೇಶದಂತೆ ವಲಸೆ ಬಂದವರೂ ಸೇರಿ ಎಲ್ಲರಿಗೂ ಪರೀಕ್ಷೆ, ಚಿಕಿತ್ಸೆ ಉಚಿತವಾಗಿ ಸಿಕ್ಕಿತು. ನಿಮ್ಮ ಗಂಡ ಗುಣವಾಗಿ ಮನೆಗೆ ಬಂದರು. ನಿಮಗೆ ಆ ದಿನ ಯಾರೂ ಸರಿಯಾಗಿ ಹೇಳದೆ ಹೋದದ್ದು ತಪ್ಪೇ, ಅದನ್ನು ನಾನು ಸಣ್ಣದು ಮಾಡುವುದಿಲ್ಲ. ಕಾನೂನು ಒಬ್ಬರನ್ನು ಬೇರೆ ಇಡಬಹುದು, ಆದರೆ ಮನೆಯವರಿಗೆ ಎಲ್ಲಿ, ಏಕೆ, ಎಷ್ಟು ದಿನ ಎಂದು ಹೇಳುವ ಹೊಣೆ ಹಾಗೆ ಇಡುವವರ ಮೇಲಿದೆ.

ಬೇರೆ ಇಡುವುದೆಂಬುದು ನಮಗೆ ಹೊಸತೂ ಅಲ್ಲ. ಮನೆಯಲ್ಲಿ 'ಅಮ್ಮ' ಬಂದರೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಹೊರಗಿನವರನ್ನು ಒಳಗೆ ಬಿಡದೆ, ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ ಅಜ್ಜಿಯೋ ತಾಯಿಯೋ ಆರೈಕೆ ಮಾಡುತ್ತಿದ್ದರು. ಅದರಲ್ಲಿ ಅವಮಾನ ಇರಲಿಲ್ಲ. ರೋಗ ಬಂದವರನ್ನು ಸಮಾಜ ಅಪರಾಧಿಯಂತೆ ನೋಡತೊಡಗಿದಾಗ ಮಾತ್ರ ಜನ ಹೆದರಿ ಬಚ್ಚಿಡುತ್ತಾರೆ. ಮುಂಬಯಿಗೆ ಪ್ಲೇಗ್ ಬಂದು 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿದಾಗ ಮನೆ ಮನೆ ತಪಾಸಣೆಗೆ ಅಂಜಿ ಜನ ರೋಗಿಗಳನ್ನು ಅಡಗಿಸಿಟ್ಟರು. ಮರುವರ್ಷ ಪ್ಲೇಗ್ ಬೆಂಗಳೂರಿಗೂ ಬಂತು. 2020ರ ಮಾರ್ಚ್‌ನಲ್ಲಿ ಕಾಸರಗೋಡಿನಲ್ಲಿ ನಡೆದದ್ದನ್ನು ನಮ್ಮ ಓದುಗರಲ್ಲಿ ಅನೇಕರು ಕಣ್ಣಾರೆ ಕಂಡಿದ್ದಾರೆ. ಗಲ್ಫ್‌ನಿಂದ ಬಂದವರೆಂದರೆ ರೋಗ ತಂದವರು ಎಂಬ ಮಾತು ಹಬ್ಬಿತು. ತಲಪಾಡಿಯಲ್ಲಿ ಗಡಿ ಮುಚ್ಚಿ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಮಂಜೇಶ್ವರದ ಕಡೆಯವರು ದಾರಿ ಕಾಣದೆ ಒದ್ದಾಡಿದರು. ಅಷ್ಟು ವರ್ಷ ಊರಿಗೆ ದುಡಿದು ಕಳಿಸಿದವರಿಗೆ ಊರೇ ಬಾಗಿಲು ಹಾಕಿದಂತಾಯಿತು. ನಿಮ್ಮಂಥವರ ಮನಸ್ಸಿನಲ್ಲಿ ಇದೆಲ್ಲ ಉಳಿದಿರುತ್ತದೆ. ಅಲ್ಲಿಯೂ ಪರಕೀಯರು, ಇಲ್ಲಿಯೂ ಶಂಕಿತರು ಎಂಬ ಭಾವ. ಆ ಭಾವಕ್ಕೆ ಕಾರಣವಿದೆ, ಅದಕ್ಕಾಗಿ ನೀವು ನಾಚಬೇಕಿಲ್ಲ.

ಈಗ ಸೂಜಿಯ ಮಾತು. ಲಸಿಕೆಯಿಂದ ವಿನಾಯಿತಿ ಇದೆಯೇ? ವೈದ್ಯಕೀಯ ಕಾರಣಕ್ಕೆ ವಿನಾಯಿತಿ ಎಲ್ಲ ಕಡೆ ಒಪ್ಪಿತವಾದ ಮಾತು. ಲಸಿಕೆಯ ಕಾನೂನಿನಷ್ಟೇ ಹಳೆಯದು ಈ ವಿವೇಕ. 1905ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಸಿಡುಬಿನ ಲಸಿಕೆ ಒಲ್ಲೆ ಎಂದ ಪಾದ್ರಿಯೊಬ್ಬರಿಗೆ ಹಾಕಿದ್ದ 5 ಡಾಲರ್ ದಂಡವನ್ನು ಎತ್ತಿಹಿಡಿಯಿತು. ಹಾಗೆ ಹೇಳುವಾಗಲೇ, ದೇಹಸ್ಥಿತಿಯಿಂದಾಗಿ ಲಸಿಕೆ ನಿಜಕ್ಕೂ ಅಪಾಯ ತರುವಂಥವರ ಮೇಲೆ ಅದನ್ನು ಹೇರುವುದು ಕ್ರೌರ್ಯವೆಂದೂ ಹೇಳಿತು. ನಮ್ಮ ಸುಪ್ರೀಂ ಕೋರ್ಟ್ 2022ರ ಮೇ 2ರಂದು, ಕೊರೊನಾ ಲಸಿಕೆಯನ್ನು ಯಾರಿಗೂ ಬಲವಂತವಾಗಿ ಚುಚ್ಚುವಂತಿಲ್ಲ, ಆದರೆ ಸಾರ್ವಜನಿಕರ ಆರೋಗ್ಯಕ್ಕಾಗಿ ಸರ್ಕಾರ ಹದವರಿತ ನಿರ್ಬಂಧ ಹಾಕಬಹುದು ಎಂದಿತು. ಈ ತೀರ್ಪುಗಳು ಒಮಾನ್‌ಗೆ ಅನ್ವಯಿಸುವುದಿಲ್ಲ. ಅಲ್ಲಿರುವಾಗ ಅಲ್ಲಿಯ ಕಾನೂನೇ ನಿಮಗೆ ಕಾನೂನು. ಆದರೆ ಮಗುವಿನ ದೇಹಸ್ಥಿತಿ ನೋಡಿ 'ಇವನಿಗೆ ಈಗ ಬೇಡ' ಎಂದು ಬರೆದುಕೊಡುವ ಅಧಿಕಾರ ವೈದ್ಯರಿಗಿದೆ ಎಂಬುದು ಮಸ್ಕತ್‌ಗೂ ಮಂಗಳೂರಿಗೂ ಒಂದೇ.

ನಿಮ್ಮ ಮಗನಿಗೆ ಆ ವಿನಾಯಿತಿ ಬೇಕಾಗುವುದೇ? ಇಲ್ಲಿ ನಿಮಗೆ ಸ್ವಲ್ಪ ಸಮಾಧಾನ ಸಿಗಬಹುದು. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಜ್ವರ ಏರಿದಾಗ ಸೆಳೆತ ಬರುತ್ತದೆ. ಎಂಎಂಆರ್ ಹಾಕಿಸಿದ ಒಂದರಿಂದ ಎರಡು ವಾರದ ನಡುವೆ ಕೆಲವರಿಗೆ ಜ್ವರ ಬರುವುದುಂಟು. ಆ ಜ್ವರದಿಂದ ಸುಮಾರು ಮೂರು ನಾಲ್ಕು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಸೆಳೆತ ಬರಬಹುದು. ನೋಡುವವರ ಜೀವ ಬಾಯಿಗೆ ಬರುತ್ತದೆ, ಆದರೆ ಇಂಥ ಸಾಮಾನ್ಯ ಜ್ವರದ ಸೆಳೆತ ಮಿದುಳಿಗೆ ಶಾಶ್ವತ ಹಾನಿ ಮಾಡುವುದಿಲ್ಲ. ವೈದ್ಯರು ಇದನ್ನು ಲಸಿಕೆ ನಿಲ್ಲಿಸಬೇಕಾದ ಕಾರಣವಾಗಿ ನೋಡುವುದೂ ಇಲ್ಲ. ನಿಲ್ಲಿಸುವ ಕಾರಣಗಳು ಬೇರೆ. ಹಿಂದಿನ ಡೋಸ್ ಹಾಕಿದೊಡನೆ ಮುಖ ಊದಿ ಉಸಿರು ಕಟ್ಟುವಂಥ ತೀವ್ರ ಅಲರ್ಜಿ ಆಗಿದ್ದರೆ, ಕ್ಯಾನ್ಸರ್ ಚಿಕಿತ್ಸೆಯಿಂದಲೋ ಬೇರೆ ಕಾಯಿಲೆಯಿಂದಲೋ ರೋಗನಿರೋಧಕ ಶಕ್ತಿ ಬಹಳ ಕುಗ್ಗಿದ್ದರೆ ಎಂಎಂಆರ್ ಕೊಡುವುದಿಲ್ಲ. ಬಸುರಿಯರಿಗೂ ಕೊಡುವುದಿಲ್ಲ. ನಿಮ್ಮ ಮಗನಿಗೆ ಈಗ ಆರು ದಾಟಿದೆ, ಜ್ವರದ ಸೆಳೆತದ ವಯಸ್ಸನ್ನು ಮಕ್ಕಳು ಬಹುತೇಕ ದಾಟಿಬಿಡುವ ಹಂತ ಇದು. ಮೊದಲ ಡೋಸಿನಷ್ಟು ಜ್ವರ ಎರಡನೆಯದಕ್ಕೆ ಬರುವುದೂ ಕಡಿಮೆ. ಮೊದಲ ಡೋಸಿನಿಂದ ಅವನಿಗೆ ದಡಾರದ ವಿರುದ್ಧ ನೂರಕ್ಕೆ ತೊಂಬತ್ತಮೂರರಷ್ಟು ರಕ್ಷಣೆ ಆಗಲೇ ಸಿಕ್ಕಿರುವ ಸಾಧ್ಯತೆ ಇದೆ, ಎರಡಾದರೆ ತೊಂಬತ್ತೇಳು. ಅಂದರೆ ನೀವು ಇಷ್ಟು ವರ್ಷ ಅವನನ್ನು ಬರಿಗೈಯಲ್ಲಿ ಬಿಟ್ಟಿರಲಿಲ್ಲ. ಈ ಅಪರಾಧಿ ಭಾವವನ್ನೂ ಇಳಿಸಿಬಿಡಿ.

ಇದನ್ನು ಓದಿ ನೇರವಾಗಿ ಲಸಿಕೆಗೆ ಹೋಗಿ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಮಗನಿಗೆ ಆದದ್ದು ಜ್ವರದ ಸೆಳೆತವೇ, ಬೇರೆ ಏನಾದರೂ ಇತ್ತೇ ಎಂದು ಹೇಳಬಲ್ಲವರು ಅವನನ್ನು ಪರೀಕ್ಷಿಸುವ ಮಕ್ಕಳ ವೈದ್ಯರು. ಸೆಳೆತ ಹದಿನೈದು ನಿಮಿಷ ದಾಟಿದ್ದರೆ, ಒಂದೇ ದಿನ ಎರಡು ಸಲ ಬಂದಿದ್ದರೆ, ಮೈಯ ಒಂದೇ ಕಡೆ ಬಂದಿದ್ದರೆ, ಆಮೇಲೆ ಜ್ವರವಿಲ್ಲದೆಯೂ ಬಂದಿದ್ದರೆ ಅದನ್ನು ಅವರಿಗೆ ಹೇಳಲೇಬೇಕು. ಆದ್ದರಿಂದ ಶಾಂತವಾಗಿ ಕುಳಿತು ಆ ದಿನದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಲಸಿಕೆ ಹಾಕಿಸಿ ಎಷ್ಟನೇ ದಿನ, ಜ್ವರ ಎಷ್ಟಿತ್ತು, ಎಷ್ಟು ಹೊತ್ತು ಸೆಟೆದಿದ್ದ, ಆಸ್ಪತ್ರೆಯಲ್ಲಿ ಏನು ಕೊಟ್ಟರು. ಆಗಿನ ಚೀಟಿ ಇದ್ದರೆ ಹುಡುಕಿ ಇಟ್ಟುಕೊಳ್ಳಿ. ಬರೆಯುವಾಗ ಕೈ ನಡುಗಿದರೆ ನಿಲ್ಲಿಸಿ, ಮರುದಿನ ಮುಂದುವರಿಸಿ. ಮಗುವಿನ ಲಸಿಕೆ ಕಾರ್ಡ್‌ನೊಂದಿಗೆ ಆ ಹಾಳೆಯನ್ನು ವೈದ್ಯರ ಕೈಗೆ ಕೊಡಿ. ಬಾಯಲ್ಲಿ ಹೇಳಲು ಹೋದರೆ ಅಳು ಬಂದು ಮಾತು ತಪ್ಪುತ್ತದೆ, ಹಾಳೆಗೆ ಆ ತೊಂದರೆಯಿಲ್ಲ. ಲಸಿಕೆ ಕೊಡಬಹುದೆಂದು ಅವರು ಹೇಳಿದರೆ ಜ್ವರ ಬಂದಾಗ ಏನು ಮಾಡಬೇಕು, ಯಾವ ಔಷಧಿ ಎಷ್ಟು, ಯಾವಾಗ ಆಸ್ಪತ್ರೆಗೆ ಓಡಬೇಕು ಎಂದು ಕೇಳಿ ಬರೆದುಕೊಳ್ಳಿ. ಬೇಡವೆಂದರೆ ಅವರೇ ಬರೆದುಕೊಟ್ಟ ಪತ್ರವನ್ನು ಶಾಲೆಗೆ ಕೊಡಿ. ಅದುವೇ ನಿಜವಾದ ವಿನಾಯಿತಿ ಪತ್ರ.

ಶಾಲೆಗೆ ಈಗ ಎರಡು ಸಾಲು ಬರೆದರೆ ಸಾಕು: ಒಂದು ಡೋಸ್ ಬಾಕಿಯಿದೆ, ಹಿಂದೆ ಹೀಗಾಗಿತ್ತು, ಮಕ್ಕಳ ವೈದ್ಯರನ್ನು ಕಾಣುತ್ತಿದ್ದೇವೆ, ಸ್ವಲ್ಪ ಸಮಯ ಕೊಡಿ. ಶಾಲೆಯ ನರ್ಸ್ ಇಂಥ ಪತ್ರಗಳನ್ನು ನೋಡಿದವರೇ. ನೀವೇ ಮೊದಲು ಹೇಳಿದರೆ ನಿಮ್ಮ ಎದೆಯ ಭಾರವೂ ಅರ್ಧ ಇಳಿಯುತ್ತದೆ.

ಇನ್ನು ನಿಮ್ಮ ಗಂಡ. ಅವರು ಅಂದ ಮಾತು ನಿಮ್ಮನ್ನು ಚುಚ್ಚಿದೆ. ಆದರೆ ಆ ದಿನ ಕರೆದೊಯ್ದದ್ದು ಅವರನ್ನೇ ಅಲ್ಲವೇ? ಮನೆಯಲ್ಲಿ ಎಂಟು ತಿಂಗಳ ಮಗು, ಹೆಂಡತಿ ಒಬ್ಬಳೇ, ತಾನು ಬದುಕುತ್ತೇನೋ ಇಲ್ಲವೋ ಎಂದು ತಿಳಿಯದೆ ಅವರು ಅಲ್ಲಿ ಮಲಗಿದ್ದರು. ನಮ್ಮ ಗಂಡಸರಿಗೆ ಹೆದರಿದ್ದೆ ಎಂದು ಹೇಳಲು ಯಾರೂ ಕಲಿಸಿಲ್ಲ. ನಿಮ್ಮ ಭಯ ನೋಡಿದಾಗ ಅವರದೇ ಭಯ ಎದುರು ಬಂದು ನಿಲ್ಲುತ್ತಿರಬಹುದು. ಅದನ್ನು ತಳ್ಳಿಹಾಕಲು ಹಾಗೆ ಮಾತಾಡುತ್ತಾರೇನೋ. ಶುಕ್ರವಾರ ರಜೆಯ ದಿನ, ಮಗ ಆಟಕ್ಕೆ ಹೋದಾಗ, ಲಸಿಕೆಯ ಸುದ್ದಿ ಎತ್ತದೆ ಒಂದೇ ಪ್ರಶ್ನೆ ಕೇಳಿ: 'ಅಲ್ಲಿ ಆ ದಿನಗಳು ನಿಮಗೆ ಹೇಗಿದ್ದವು?' ಅವರು ಹೇಳುವಾಗ ಮಧ್ಯೆ ಮಾತಾಡಬೇಡಿ. ಆಮೇಲೆ ನಿಮ್ಮದನ್ನು ಹೇಳಿ. ವೈದ್ಯರ ಬಳಿಗೆ ಇಬ್ಬರೂ ಒಟ್ಟಿಗೆ ಹೋಗೋಣ ಎಂದು ಕೇಳಿ. ಈ ಒಂದು ಮಾತಿಗೆ ಪಟ್ಟು ಹಿಡಿಯಿರಿ, ಬಿಡಬೇಡಿ.

ಇಷ್ಟಾದ ಮೇಲೂ ಕನಸು, ನಿದ್ದೆಗೇಡು, ಎದೆ ಹೊಡೆದುಕೊಳ್ಳುವುದು ವಾರಗಟ್ಟಲೆ ಉಳಿದರೆ ಅದಕ್ಕೂ ವೈದ್ಯರಿದ್ದಾರೆ. ಮಸ್ಕತ್‌ನ ಹತ್ತಿರ ಅಲ್ ಅಮಿರಾತ್‌ನಲ್ಲಿರುವ ಅಲ್ ಮಸರ್ರಾ ಮಾನಸಿಕ ಆರೋಗ್ಯದ್ದೇ ಸರ್ಕಾರಿ ಆಸ್ಪತ್ರೆ. ಖಾಸಗಿ ಆಸ್ಪತ್ರೆಗಳಲ್ಲಿ ಭಾರತೀಯ ಮನೋವೈದ್ಯರೂ, ಕೌನ್ಸೆಲರ್‌ಗಳೂ ಸಿಗುತ್ತಾರೆ. ಕಂಪನಿಯ ಇನ್ಶೂರೆನ್ಸ್‌ನಲ್ಲಿ ಇದು ಸೇರಿದೆಯೇ ಎಂದು ವಿಚಾರಿಸಿ. ಊರಿನಲ್ಲಿರುವ ಓದುಗರು 'ಟೆಲಿ ಮಾನಸ್'ನ 14416ಕ್ಕೆ ಕರೆ ಮಾಡಬಹುದು; ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ವೀಸಾ, ಕೆಲಸ, ದಾಖಲೆಯ ವಿಷಯದಲ್ಲಿ ನಿಜವಾಗಿಯೂ ತೊಂದರೆ ಎದುರಾದರೆ ಕಂಪನಿಯ ಪಿಆರ್‌ಓ ಹೇಳಿದ್ದು, ವಾಟ್ಸಾಪ್‌ನಲ್ಲಿ ಬಂದದ್ದು ನಂಬಿ ಕೂರಬೇಡಿ. ಮಸ್ಕತ್‌ನ ಭಾರತೀಯ ರಾಯಭಾರ ಕಚೇರಿ ತಿಂಗಳಿಗೊಮ್ಮೆ ಓಪನ್ ಹೌಸ್ ನಡೆಸುತ್ತದೆ, ಅಲ್ಲಿ ಹೋಗಿ ಮುಖಾಮುಖಿ ಕೇಳಬಹುದು.

ಇದನ್ನು ಓದುತ್ತಿರುವ ಇತರರಿಗೂ ಒಂದು ಮಾತು. ದುಬೈ, ದೋಹಾ, ಕುವೈತ್, ಎಲ್ಲೇ ಇರಿ, ಮಗುವಿನ ಲಸಿಕೆ ಕಾರ್ಡನ್ನು ಪಾಸ್‌ಪೋರ್ಟ್ ಜತೆಯಲ್ಲೇ ಇಡಿ, ಅದರ ಫೋಟೊ ಊರಿನಲ್ಲಿ ಒಬ್ಬರ ಬಳಿ ಇರಲಿ. ಭಾರತದಲ್ಲಿ ಹಾಕಿಸಿದ್ದು, ಅಲ್ಲಿ ಹಾಕಿಸಿದ್ದು ಎರಡೂ ಒಂದೇ ಕಾರ್ಡಿಗೆ ಏರಿದೆಯೇ ಎಂದು ನೋಡಿಕೊಳ್ಳಿ. ಪಕ್ಕದ ಫ್ಲ್ಯಾಟಿನಲ್ಲಿ ಯಾರಾದರೂ ಐಸೋಲೇಷನ್‌ನಲ್ಲಿದ್ದರೆ ಬಾಗಿಲ ಹೊರಗೆ ಗಂಜಿ, ಹಾಲು ಇಟ್ಟು ಫೋನ್ ಮಾಡಿ. ಅವರು ಹೆದರಿದ್ದಾರೆ, ತಪ್ಪು ಮಾಡಿಲ್ಲ.

ಸೋದರಿ, ಆ ಪರಿಚಯದವರಿಗೆ ಸರ್ಟಿಫಿಕೇಟ್ ಬೇಡವೆಂದು ಇವತ್ತೇ ಮೆಸೇಜ್ ಕಳಿಸಿ. ಈ ವಾರ ಮಕ್ಕಳ ವೈದ್ಯರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಅವರು ಏನೆಂದರೆಂದು ನನಗೂ ಬರೆಯಿರಿ.